ಹೌದು, ಬಿ ಲೀಗ್. ಮುಂದಿನ ಪ್ರಶ್ನೆ ಕೇಳಿ

ಮಾತುಕತೆ ಪ್ರತಿ ಸಲವೂ ಒಂದೇ ದಾರಿ ಹಿಡಿಯುತ್ತದೆ. ಯುಗಾದಿ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿರುತ್ತೇನೆ, ಇಲ್ಲವೇ ಕ್ಯಾಲಿಫೋರ್ನಿಯಾದ ಸನ್ನಿವೇಲಿನ ದಿನಸಿ ಅಂಗಡಿಯಲ್ಲಿ ನುಗ್ಗೆಕಾಯಿ ಆರಿಸುತ್ತಿರುತ್ತೇನೆ. ಯಾರೋ ಹತ್ತಿರ ಬಂದು, “ನಿಮ್ಮ ಮಗ ಹೈಸ್ಕೂಲಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದನಂತೆ?” ಎನ್ನುತ್ತಾರೆ. ಹೌದು ಎನ್ನುತ್ತೇನೆ. “ಯಾವ ಲೀಗ್?” ಎಲ್ ಕಮೀನೊ ಡಿವಿಜನ್ ಎನ್ನುತ್ತೇನೆ. “ಅದು ಮೇಲಿನದೋ ಕೆಳಗಿನದೋ?” ಕೆಳಗಿನದು. ಆಗ ಬರುತ್ತದೆ: “ಓ, ಬರೀ ಬಿ ಲೀಗಾ?”

ಆ ‘ಬರೀ’ ಇದೆಯಲ್ಲ, ಅದಕ್ಕೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ಇನ್ನು ಮುಂದೆ ಯಾರು ಕೇಳಿದರೂ ಬಾಯಿಬಿಡುವುದಿಲ್ಲ, ಇದನ್ನು ಕಳುಹಿಸಿಬಿಡುತ್ತೇನೆ. ಕೈಯಲ್ಲಿರುವ ಹೋಳಿಗೆಯಾದರೂ ಬಿಸಿಯಾಗಿ ಉಳಿಯಲಿ.

ಕೇಳುವವರ ಬಗ್ಗೆ ಮೊದಲು ಎರಡು ಮಾತು. ಇವರೆಲ್ಲ ಶಾಲೆಗೆ ಹತ್ತಕ್ಕೆ ಎಷ್ಟು ಅಂಕ ಬಂದಿದೆ ಎಂದು ನೋಡಿ ಮನೆ ಕೊಂಡವರು. ನಾನೂ ಹಾಗೆಯೇ ಕೊಂಡವನು, ಸಾಲ ಇನ್ನೂ ತೀರಿಲ್ಲ. ಹತ್ತಕ್ಕೆ ಹತ್ತು ಪಡೆದ ಶಾಲೆಯ ಹುಡುಗರು ಶುಕ್ರವಾರ ರಾತ್ರಿ ಎರಡನೆಯ ದರ್ಜೆಯಲ್ಲಿ ಆಡುತ್ತಾರೆ ಎಂಬುದು ಇವರಿಗೆ ಎಲ್ಲೋ ಲೆಕ್ಕ ತಪ್ಪಿದಂತೆ ಕಾಣುತ್ತದೆ. ಹೋಮ್‌ಸ್ಟೆಡ್ ಹೈಸ್ಕೂಲಿನಲ್ಲಿ ಸ್ಟೀವ್ ಜಾಬ್ಸ್ ಓದಿದ್ದರು ಎಂದು ಪ್ರತಿಯೊಬ್ಬರಿಗೂ ಗೊತ್ತು. ಅಲ್ಲಿ ಒಂದು ಫುಟ್‌ಬಾಲ್ ತಂಡವಿದೆ ಎಂದು ಗೊತ್ತಿರುವವರನ್ನು ಇಡೀ ಕನ್ನಡ ಕೂಟದಲ್ಲಿ ಬೆರಳೆಣಿಕೆಯಲ್ಲಿ ಕಂಡಿದ್ದೇನೆ.

ಇನ್ನು ಲೀಗ್. ಅದರ ಹೆಸರು ಸಾಂಟಾ ಕ್ಲಾರಾ ವ್ಯಾಲಿ ಅಥ್ಲೆಟಿಕ್ ಲೀಗ್. ಪಾಲೊ ಆಲ್ಟೊ, ಗನ್, ಲಾಸ್ ಆಲ್ಟೋಸ್, ಮೌಂಟನ್ ವ್ಯೂಗಳಿಂದ ಹಿಡಿದು ಈ ಕಡೆ ಮಿಲ್ಪಿಟಾಸ್, ಆ ಕಡೆ ಸಾರಟೋಗಾ, ಲಾಸ್ ಗ್ಯಾಟೋಸ್‌ವರೆಗೆ ಹರಡಿರುವ ಸರ್ಕಾರಿ ಹೈಸ್ಕೂಲುಗಳ ಕೂಟ. ನನ್ನ ಮಗ ಆಡುತ್ತಿದ್ದ ಕಾಲಕ್ಕೆ 14 ಶಾಲೆಗಳಿದ್ದವು. ನಮ್ಮೂರಿನ ಶಾಲಾ ಕ್ರೀಡಾಕೂಟ ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ ಎಂದು ಏರುತ್ತದಲ್ಲ, ಇಲ್ಲಿಯೂ ಹಾಗೆಯೇ ಮೆಟ್ಟಿಲುಗಳಿವೆ. ಲೀಗಿನ ಮೇಲೆ ಸೆಂಟ್ರಲ್ ಕೋಸ್ಟ್ ಸೆಕ್ಷನ್. ಅಂಥ ಹತ್ತು ಸೆಕ್ಷನ್‌ಗಳ ಮೇಲೆ 1914ರಲ್ಲಿ ಹುಟ್ಟಿದ ಕ್ಯಾಲಿಫೋರ್ನಿಯಾದ ಅಂತರಶಾಲಾ ಒಕ್ಕೂಟ. ಆಗಸ್ಟ್ ಕೊನೆಗೆ ಪಂದ್ಯ ಶುರು, ನವೆಂಬರ್ ಬಂದರೆ ಉಳಿದವರು ಆಡುತ್ತಾರೆ, ನಮ್ಮಂಥವರು ಹೆಲ್ಮೆಟ್ ವಾಪಸು ಕೊಡುತ್ತಾರೆ.

ಈ 14 ಶಾಲೆಗಳನ್ನು ಫುಟ್‌ಬಾಲಿಗೆ ಎರಡು ಭಾಗ ಮಾಡಿದ್ದರು. ಮೇಲಿನದು ಡಿ ಆಂಜಾ, ಕೆಳಗಿನದು ಎಲ್ ಕಮೀನೊ. ಡಿ ಆಂಜಾ ಎಂದರೆ 1776ರಲ್ಲಿ ಈ ಪ್ರದೇಶಕ್ಕೆ ಸ್ಪೇನಿನ ದಂಡಯಾತ್ರೆಯನ್ನು ಕರೆತಂದವನು. ಎಲ್ ಕಮೀನೊ ರಿಯಾಲ್ ಎಂದರೆ ರಾಜಮಾರ್ಗ. ರಾಜಮಾರ್ಗದ ಹೆಸರನ್ನು ಸೋಲುವವರಿಗೆ ಕೊಟ್ಟಿದ್ದಾರೆ! ಕೆಳಗಿನದರಲ್ಲಿ ಗೆದ್ದವರು ಮೇಲಕ್ಕೆ, ಮೇಲಿನದರಲ್ಲಿ ಸೋತವರು ಕೆಳಕ್ಕೆ. ಮೇಲಿನವರೆಂದರೆ ಸಾಮಾನ್ಯರಲ್ಲ. ಪಾಲೊ ಆಲ್ಟೊ ಹೈಸ್ಕೂಲು 2010ರಲ್ಲಿ ರಾಜ್ಯದ ಡಿವಿಜನ್ 1 ಪ್ರಶಸ್ತಿಯನ್ನು 15–13ರಿಂದ ಗೆದ್ದಿತು. ಆ ತಂಡದಲ್ಲಿದ್ದ ದಾವಾಂಟೆ ಆಡಮ್ಸ್ ಆಮೇಲೆ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ದೊಡ್ಡ ಹೆಸರಾದ. ನಮ್ಮ ಶಾಲೆಯ ಹುಡುಗರು ಬೆಳಗ್ಗೆ ವಯೊಲಿನ್, ಮಧ್ಯಾಹ್ನ ರೊಬೊಟಿಕ್ಸ್ ಮುಗಿಸಿ ಅಭ್ಯಾಸಕ್ಕೆ ಬರುತ್ತಿದ್ದರು. ಒಟ್ಟು 27 ಜನ. ಎದುರು ಸಾಲಿನಲ್ಲಿ 60 ಜನ.

ನನ್ನ ಮಗ ಹತ್ತನೆಯ ತರಗತಿಯಲ್ಲಿದ್ದಾಗ ಶಾಲೆ ಹೇಗೋ ಎಲ್ ಕಮೀನೊ ಗೆದ್ದುಬಿಟ್ಟಿತು. ಮರುವರ್ಷ ಬಡ್ತಿ. ನೀವು ಮೆಚ್ಚುವ ಆ ಎ ಲೀಗ್ ಅನ್ನು ನಾನೂ ಒಂದು ವರ್ಷ ಹತ್ತಿರದಿಂದ ಕಂಡಿದ್ದೇನೆ. ತೀರ ಹತ್ತಿರದಿಂದ, ಏಕೆಂದರೆ ನಾನು ಸರಪಣಿ ಹಿಡಿಯುವವನು.

ಈ ಆಟದಲ್ಲಿ ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ. ಆ ಹತ್ತು ಗಜವನ್ನು ತೋರಿಸಲು ಎರಡು ಕೋಲು, ನಡುವೆ ಒಂದು ಸರಪಣಿ. ಶಾಲಾ ಪಂದ್ಯಗಳಲ್ಲಿ ಅದನ್ನು ಹಿಡಿದು ಗೆರೆಯ ಪಕ್ಕ ಓಡುವವರು ಹೆಚ್ಚಾಗಿ ನನ್ನಂಥ ಅಪ್ಪಂದಿರು. ಸಂಬಳವಿಲ್ಲ, ಪಂದ್ಯ ಮುಗಿದ ಮೇಲೆ ಒಂದು ಹಾಟ್‌ಡಾಗ್ ಕೊಡುತ್ತಾರೆ, ನಾನು ಸಸ್ಯಾಹಾರಿ. ನಮ್ಮನ್ನು ನಿಲ್ಲಿಸುವುದು ಎದುರಾಳಿಗಳ ಬದಿಯಲ್ಲಿ, ಆದ್ದರಿಂದ ಅವರು ನಮ್ಮ ಮಕ್ಕಳ ಬಗ್ಗೆ ಆಡುವ ಮಾತು ಒಂದೂ ಬಿಡದೆ ಕಿವಿಗೆ ಬೀಳುತ್ತದೆ.

ಆ ವರ್ಷದ ಒಂದು ಅಕ್ಟೋಬರ್ ರಾತ್ರಿ. ಶಾಲೆಯ ಹೆಸರು ಬೇಡ, ಅವರ ತಪ್ಪೇನೂ ಇರಲಿಲ್ಲ. ಮೂರನೆಯ ಕ್ವಾರ್ಟರ್ ಮುಗಿದಾಗ 0–42. ಕ್ಯಾಲಿಫೋರ್ನಿಯಾದಲ್ಲಿ ಒಂದು ನಿಯಮವಿದೆ: ಮೂರನೆಯ ಕ್ವಾರ್ಟರ್ ಕಳೆದ ಮೇಲೆ ಅಂತರ 35 ಅಂಕ ಮುಟ್ಟಿದ್ದರೆ ಗಡಿಯಾರವನ್ನು ಸಾಮಾನ್ಯವಾಗಿ ನಿಲ್ಲಿಸುವ ಕಡೆ ನಿಲ್ಲಿಸುವುದಿಲ್ಲ, ಓಡಲು ಬಿಡುತ್ತಾರೆ. ಬೇಗ ಮುಗಿಯಲಿ ಎಂಬ ಕರುಣೆ. ಎದುರಾಳಿ ಕೋಚ್ ತನ್ನ ಮುಖ್ಯ ಆಟಗಾರರನ್ನೆಲ್ಲ ಕೂರಿಸಿ ಚಿಕ್ಕ ಹುಡುಗರನ್ನು ಕಳುಹಿಸಿದರು. ಕಳುಹಿಸುವಾಗ, “ಯಾರೂ ನಗಬಾರದು” ಎಂದು ತಗ್ಗಿದ ದನಿಯಲ್ಲಿ ಎಚ್ಚರಿಸಿದರು. ಒಳ್ಳೆಯ ಮನುಷ್ಯ. ಅವರು ನಗಲು ಬಿಟ್ಟಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ನಮ್ಮ ಕೈಗೆ ಚೆಂಡು ಬಂದಾಗೆಲ್ಲ ನಾನು ನಿಂತಲ್ಲೇ ನಿಂತಿದ್ದೆ. ಮೂರು ಪ್ರಯತ್ನ, ಆಮೇಲೆ ಚೆಂಡನ್ನು ಒದ್ದು ಒಪ್ಪಿಸುವುದು. ಆ ರಾತ್ರಿ ನನ್ನ ಕಾಲು ನೋಯಲಿಲ್ಲ, ಸರಪಣಿ ಮುಂದೆ ಹೋದರಲ್ಲವೇ ಕಾಲು ನೋಯುವುದು? ಮಗ ಗಾರ್ಡ್. ಚೆಂಡನ್ನು ಹಿಡಿಯುವ ಆಟಗಾರನಲ್ಲ, ಹಿಡಿದವನಿಗೆ ದಾರಿ ಮಾಡಿಕೊಡಲು ಎದುರಿನವನನ್ನು ತಳ್ಳುವವನು. ಅವನ ಎದುರು ನಿಂತವನು ಅವನಿಗಿಂತ 30 ಕಿಲೊ ಹೆಚ್ಚು ತೂಗುತ್ತಿದ್ದ. ಅದರಿಂದ ಮಗ ಕಲಿತದ್ದೇನು ಎಂದು ಕೇಳಬೇಡಿ. ಅಂಗಾತ ಬೀಳುವುದನ್ನು ಕಲಿತ, ಅಷ್ಟೇ.

ಆ ತಿಂಗಳು ನನ್ನ ಅಪ್ಪ ಮೂಡುಬಿದಿರೆಯಿಂದ ಬಂದಿದ್ದರು. ಆ ಪಂದ್ಯಕ್ಕೂ ಬಂದು, ಕಂಬಳಿ ಹೊದ್ದು, ಕಡೆಯವರೆಗೂ ಕೂತಿದ್ದರು. ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಮನೆಗೆ ಬಂದು ಗಂಜಿ ಉಣ್ಣುವಾಗ ನಾನು ಡಿ ಆಂಜಾ, ಎಲ್ ಕಮೀನೊ ಎಂದೆಲ್ಲ ವಿವರಿಸಿದೆ. ಸೋತರೆ ಮುಂದಿನ ವರ್ಷ ಕೆಳಗೆ ಹಾಕುತ್ತಾರೆ ಎಂದೆ. ಅವರು ಉಪ್ಪಿನಕಾಯಿ ನೆಕ್ಕಿ, “ಹಾಗಾದರೆ ಇವರನ್ನು ನೇಗಿಲು ಕಿರಿಯದಿಂದ ಎತ್ತಿ ಹಗ್ಗ ಹಿರಿಯಕ್ಕೆ ಕಟ್ಟಿದ್ದಾರೆ ಮಾರಾಯ. ಕೋಣಕ್ಕೆ ಏನು ಗೊತ್ತಾಗುತ್ತದೆ, ಓಡಿಸುವವನಿಗೆ ಬುದ್ಧಿ ಬೇಡವೇ?” ಎಂದರು.

ನಾಲ್ಕು ವರ್ಷ ಈ ಲೀಗಿನ ಬಗ್ಗೆ ಕೇಳಿದ ಮಾತುಗಳಲ್ಲಿ ಇದೊಂದೇ ಅರ್ಥವಿದ್ದ ಮಾತು. ಕಂಬಳ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಎಲ್ಲ ಕೋಣಗಳನ್ನೂ ಒಟ್ಟಿಗೆ ಓಡಿಸುವುದಿಲ್ಲ. ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಅಡ್ಡಹಲಗೆ, ಕನೆಹಲಗೆ ಎಂದು ಬೇರೆ ಬೇರೆ ವಿಭಾಗಗಳಿವೆ. ಕಿರಿಯಕ್ಕೆ ಸೇರಿಸುವ ಮುಂಚೆ ಕೋಣದ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ನೇಗಿಲು ಕಿರಿಯದಲ್ಲಿ ಗೆದ್ದ ಕೋಣದ ಯಜಮಾನನ ಬಳಿ ಹೋಗಿ “ಓ, ಬರೀ ಕಿರಿಯವಾ?” ಎಂದು ಕೇಳಿ ನೋಡಿ. ಬಾರುಕೋಲು ಅವನ ಕೈಯಲ್ಲೇ ಇರುತ್ತದೆ.

ಕರಾವಳಿಯಲ್ಲಿ 55 ಕಿಲೊ ವಿಭಾಗದ ಕಬಡ್ಡಿ ಎಂದು ಪಂದ್ಯಾಟಕ್ಕೆ ಕರಪತ್ರ ಹಂಚುತ್ತಾರೆ. 56 ಕಿಲೊ ತೂಗುವವನು ಬೆಳಗಿನ ತಿಂಡಿ ಬಿಟ್ಟು ತಕ್ಕಡಿ ಹತ್ತುತ್ತಾನೆ. ಅವನನ್ನು ನೋಡಿ ಯಾರೂ ‘ಬರೀ’ ಎನ್ನುವುದಿಲ್ಲ. ಇಲ್ಲಿಗೆ ಬಂದು ಹತ್ತಕ್ಕೆ ಹತ್ತರ ಮನೆ ಕೊಂಡ ಮೇಲೆಯೇ ನಮಗೆ ಆ ಪದ ಅಂಟಿಕೊಂಡದ್ದು.

ಮಧ್ಯೆ ಒಂದು ಮಾತು. ತಲೆಗೆ ಪೆಟ್ಟಾಗುವುದಿಲ್ಲವೇ ಎಂದು ಕೇಳುವವರೂ ಇದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಪೆಟ್ಟಾಗುತ್ತದೆ. 2014ರಲ್ಲಿ ಕ್ಯಾಲಿಫೋರ್ನಿಯಾ ಒಂದು ಕಾನೂನು ಮಾಡಿತು: ಆಟದ ಋತುವಿನಲ್ಲಿ ಪೂರ್ಣ ಬಲದಿಂದ ಮೈಗೆ ಮೈ ತಾಗುವ ಅಭ್ಯಾಸ ವಾರಕ್ಕೆ ಎರಡೇ ದಿನ, ದಿನಕ್ಕೆ 90 ನಿಮಿಷ ಮೀರುವಂತಿಲ್ಲ. ತಲೆಗೆ ಪೆಟ್ಟಾಯಿತೆಂದು ವೈದ್ಯರು ಗುರುತಿಸಿದರೆ ಕನಿಷ್ಠ ಏಳು ದಿನಗಳ ಹಂತಹಂತದ ಚೇತರಿಕೆಯಿಲ್ಲದೆ ಮೈದಾನಕ್ಕೆ ಬಿಡುವುದಿಲ್ಲ. ಇದರಿಂದ ನನ್ನ ಹೆಂಡತಿಗೆ ನಿದ್ದೆ ಬಂದಿತೆಂದು ಹೇಳಲಾರೆ. ಆದರೆ 30 ಕಿಲೊ ಹೆಚ್ಚಿನವನೆದುರು ನಿಲ್ಲುವುದಕ್ಕೂ ತನ್ನಷ್ಟೇ ತೂಕದವನೆದುರು ನಿಲ್ಲುವುದಕ್ಕೂ ಎಷ್ಟು ಅಂತರ ಎಂಬುದನ್ನು ಅವಳು ನಿಮಗಿಂತ ಚೆನ್ನಾಗಿ ಬಲ್ಲಳು. ಶಾಲೆ ಕೆಳಗಿನ ಡಿವಿಜನ್‌ಗೆ ಇಳಿದ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಪಾಯಸ ಮಾಡಿದ್ದಳು. ಉತ್ಪ್ರೇಕ್ಷೆಯಲ್ಲ, ಶಾವಿಗೆ ಪಾಯಸ.

ಅದಕ್ಕೇ ಹೇಳುತ್ತಿದ್ದೇನೆ, ಯಾವ ಲೀಗ್ ಎಂದು ಕೇಳಬೇಡಿ. ಯಾರೆದುರು ಆಡಿದ ಎಂದು ಕೇಳಿ. ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಹೇಳಲು ಎಷ್ಟೊಂದಿತ್ತು. ಸರ್ಕಾರಿ ಶಾಲೆ ವಿಳಾಸ ನೋಡಿ ಮಕ್ಕಳನ್ನು ಸೇರಿಸಿಕೊಳ್ಳುತ್ತದೆ, ಆಟಗಾರರನ್ನು ಆರಿಸುವಂತಿಲ್ಲ. ಪಕ್ಕದ ವೆಸ್ಟ್ ಕ್ಯಾಥೊಲಿಕ್ ಲೀಗಿನ ಖಾಸಗಿ ಶಾಲೆಗಳಿಗೆ ಆ ಕಟ್ಟಿಲ್ಲ. ಎನ್‌ಎಫ್‌ಎಲ್‌ನ ಹೆಸರಾಂತ ಆಟಗಾರ ಟಾಮ್ ಬ್ರೇಡಿ ಓದಿದ ಸೆರಾ ಆ ಲೀಗಿನ ಶಾಲೆ. ಹೀಗಿರುವಾಗ ಬೇರೆ ಬೇರೆ ಊರಿನ ಮಕ್ಕಳಿಗೆ ಸರಿಜೋಡಿ ಹುಡುಕುವುದು ಮದುವೆಗೆ ಜಾತಕ ಕೂಡಿಸುವುದಕ್ಕಿಂತ ಕಷ್ಟ. ಪ್ರತಿ ವರ್ಷ ಕೂತು ಕೂಡಿಸುತ್ತಾರೆ, ಪ್ರತಿ ವರ್ಷ ಯಾರಾದರೂ ಮುನಿಸಿಕೊಳ್ಳುತ್ತಾರೆ.

ಈಚಿನ ವರ್ಷಗಳಲ್ಲಿ ಫುಟ್‌ಬಾಲಿನ ಮಟ್ಟಿಗೆ ಉತ್ತರದ ಪೆನಿನ್ಸುಲಾ ಅಥ್ಲೆಟಿಕ್ ಲೀಗಿನ ಜೊತೆ ಸೇರಿ ಆಡುತ್ತಿದ್ದಾರೆ. ಶಾಲೆಗಳು ಹೆಚ್ಚಾದರೆ ಸರಿಜೋಡಿ ಸಿಗುವುದು ಸುಲಭ. ಅವರ ಡಿವಿಜನ್‌ಗಳ ಹೆಸರು ಬೇ, ಓಷನ್, ಲೇಕ್. ಅಂದರೆ ಕೊಲ್ಲಿ, ಕಡಲು, ಕೆರೆ. ಬಲಶಾಲಿಗಳು ಕೊಲ್ಲಿಯಲ್ಲಿ, ನಡುವಿನವರು ಕಡಲಿನಲ್ಲಿ, ಉಳಿದವರು ಕೆರೆಯಲ್ಲಿ. ಕೊಲ್ಲಿಗಿಂತ ಕಡಲು ಚಿಕ್ಕದು ಹೇಗಾಯಿತು ಎಂದು ಅಪ್ಪನಿಗೆ ಫೋನಿನಲ್ಲಿ ಹೇಳಿ ನಕ್ಕೆ. ಮೂಡುಬಿದಿರೆಯ ಕಂಬಳ ನಡೆಯುವ ಜಾಗದ ಹೆಸರು ಕಡಲಕೆರೆ. “ನಮ್ಮಲ್ಲಿ ಎರಡೂ ಒಂದೇ ಕಡೆ ಇದೆ” ಎಂದರು.

ಮಗನ ಕೊನೆಯ ವರ್ಷ, ಎಲ್ ಕಮೀನೊ, ಮತ್ತೆ ಅಕ್ಟೋಬರ್. ಎದುರಿನವರೂ 30ಕ್ಕಿಂತ ಕಡಿಮೆ ಜನ, ಅವರಲ್ಲೂ ವಯೊಲಿನ್ ಕೈಗಳು. ನಾವು 14–13ರಿಂದ ಮುಂದೆ. ಎರಡು ನಿಮಿಷಕ್ಕೂ ಕಡಿಮೆ ಉಳಿದಿದೆ. ನಾಲ್ಕನೆಯ ಪ್ರಯತ್ನ, ಬೇಕಾದದ್ದು ಒಂದು ಗಜ. ಸಿಕ್ಕರೆ ಚೆಂಡು ನಮ್ಮಲ್ಲೇ ಉಳಿದು ಗಡಿಯಾರ ನಮಗಾಗಿ ಓಡುತ್ತದೆ. ಸಿಗದಿದ್ದರೆ ಚೆಂಡು ಅವರದು. ಚೆಂಡು ಹಿಡಿದವನು ಗಾರ್ಡ್‌ನ ಹಿಂದೆಯೇ ನುಗ್ಗಿದ. ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ರಾಶಿಯಾದರು.

ರೆಫ್ರಿ ನಮ್ಮತ್ತ ಕೈ ಬೀಸಿದರು. ಅಳತೆ. ಮೂವರು ಅಪ್ಪಂದಿರು ಸರಪಣಿ ಎತ್ತಿಕೊಂಡು ಮೈದಾನದ ನಡುವಿಗೆ ಓಡಿದೆವು. ಒಬ್ಬರು ಸರಪಣಿಯಲ್ಲಿ ಗುರುತಿಗೆಂದು ಹಾಕಿದ ಕ್ಲಿಪ್ ಇದ್ದ ಜಾಗವನ್ನು ಗೆರೆಗೆ ಒತ್ತಿ ಹಿಡಿದರು, ನಾನು ಮುಂದಿನ ಕೋಲನ್ನು ಹಿಡಿದು ಬಿಗಿಯಾಗಿ ಎಳೆದೆ. ರಾಶಿಯ ಅಡಿಯಿಂದ ಕೊನೆಗೆ ಎದ್ದವನು ನನ್ನ ಮಗ. ಹೆಲ್ಮೆಟ್‌ನ ಜಾಲರಿಯಲ್ಲಿ ಹುಲ್ಲು ಸಿಕ್ಕಿಕೊಂಡಿತ್ತು. ಅವನು ಚೆಂಡನ್ನು ನೋಡಲಿಲ್ಲ, ನನ್ನ ಮುಖ ನೋಡಿದ.

ಚೆಂಡಿನ ಮೂತಿ ಕೋಲಿಗಿಂತ ನಾಲ್ಕು ಬೆರಳು ಮುಂದಿತ್ತು.

ಸರಪಣಿ ಹಿಡಿದವರು ಯಾವ ಪಕ್ಷದ ಪರವಾಗಿಯೂ ಕೂಗುವಂತಿಲ್ಲ, ನಗುವಂತೆಯೂ ಇಲ್ಲ. ನಾನು ತುಟಿ ಕಚ್ಚಿಕೊಂಡು ಕೋಲನ್ನು ಕಿತ್ತು, ಗೆರೆಯ ಪಕ್ಕಕ್ಕೆ ಓಡಿ, ಹತ್ತು ಗಜ ಮುಂದೆ ಊರಿ ನಿಂತೆ.