ಕೊನೆಗೂ ಫ್ಯಾನ್ ಸುಮ್ಮನಾಯಿತು

ಮೂರು ರಾತ್ರಿ ಹೆಣಗಿದ ಮೇಲೆ ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಫ್ರೀಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಂ ನೆಟ್ಟಗೆ ಓಡುತ್ತಿದೆ. ಇಷ್ಟು ದಿನ ಗ್ರಾಫಿಕ್ಸ್ ಕೆಲಸವನ್ನೂ ಪ್ರೊಸೆಸರ್ ಒಂದೇ ಹೊರುತ್ತಿತ್ತು. ವಿಂಡೋ ಎಳೆದರೆ ಜಾತ್ರೆ ತೇರಿನ ಹಾಗೆ ನಿಂತು ನಿಂತು ಬರೋದು. ದಾವಣಗೆರೆ ಬಿಸಿಲು ಬೇರೆ. ಫ್ಯಾನ್ ಸದ್ದು ಥೇಟ್ ನಮ್ಮ ಬೀದಿಯ ಹಿಟ್ಟಿನ ಗಿರಣಿ!

ಇಂಟೆಲ್ ಗ್ರಾಫಿಕ್ಸ್‌ಗೆ ಡಿಆರ್‌ಎಂ-ಕೆಮಾಡ್ ಅನ್ನೋ ಪ್ಯಾಕೇಜನ್ನು ಬೇರೆಯಾಗಿ ಹಾಕಬೇಕು. ತಮಾಷೆ ಅಂದ್ರೆ, ಅದರೊಳಗಿನ ಡ್ರೈವರ್ (ಗ್ರಾಫಿಕ್ಸ್ ಚಿಪ್ಪನ್ನು ಓಡಿಸೋ ತಂತ್ರಾಂಶ) ಬಂದಿರೋದು ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್‌ನ ತಿರುಳು, ಅಂದ್ರೆ ಕರ್ನಲ್‌ನಿಂದ. ನಡುವೆ ಲಿನಕ್ಸ್‌ಕೆಪಿಐ ಅನ್ನೋ ಪದರ ಕೂತು ಆ ಡ್ರೈವರ್ ಮಾತನ್ನು ಫ್ರೀಬಿಎಸ್‌ಡಿಗೆ ಅರ್ಥ ಮಾಡಿಸುತ್ತದೆ. ಪಕ್ಕದ ಮನೆಯಿಂದ ಹೆಪ್ಪು ತಂದು ನಮ್ಮ ಹಾಲಿಗೆ ಹಾಕಿದ ಹಾಗೆ, ಅಲ್ವಾ?

ಹಾಕಿದೆ. ಅದರಲ್ಲಿನ ಇಂಟೆಲ್ ಡ್ರೈವರ್, ಐ915ಕೆಎಂಎಸ್ ಅನ್ನೋ ಮಾಡ್ಯೂಲ್ ಲೋಡ್ ಮಾಡಿದೆ. ಪರದೆ ಒಂದು ಕ್ಷಣ ಕಪ್ಪಾಯಿತು, ದಪ್ಪ ದಪ್ಪ ಅಕ್ಷರಗಳು ಸಾಸಿವೆ ಗಾತ್ರಕ್ಕೆ ಇಳಿದವು. ಗೆದ್ದೆ ಅಂದುಕೊಂಡೆ. ಡೆಸ್ಕ್‌ಟಾಪ್ ತೆರೆದರೆ ಮತ್ತೆ ಅದೇ ತೇರು.

ಎರಡು ರಾತ್ರಿ ಡ್ರೈವರನ್ನು ಸುಮ್ನೆ ಬೈದೆ. ಆಮೇಲೆ ನೋಡಿದರೆ ನನ್ನ ಯೂಸರ್ ಹೆಸರನ್ನು 'ವಿಡಿಯೊ' ಗುಂಪಿಗೆ ಸೇರಿಸಿಯೇ ಇಲ್ಲ! ಗ್ರಾಫಿಕ್ಸ್ ಚಿಪ್ ಮುಟ್ಟೋಕೆ ನನಗೇ ಅನುಮತಿ ಇರಲಿಲ್ಲ. ಒಂದೇ ಸಾಲಿನ ಕಮಾಂಡ್. ಲಾಗೌಟ್ ಆಗಿ ಮತ್ತೆ ಒಳಗೆ ಬಂದೆ. ಫ್ಯಾನ್ ನಿಂತಿತು, ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿಸಿತು. ತಪ್ಪು ನಮ್ಮದೇ ಇರಬಹುದು ಅನ್ನೋದು ಯಾಕೋ ಯಾವಾಗಲೂ ಕೊನೆಗೇ ಹೊಳೆಯುತ್ತದೆ.

ಹೆಂಡತಿಗೆ ವಿಂಡೋ ಎಳೆದು ತೋರಿಸಿದೆ. "ಇಷ್ಟೇನಾ?" ಅಂದಳು. ಸಂಜೆ ಮಂಡಕ್ಕಿ-ಮಿರ್ಚಿ ನನ್ನ ಲೆಕ್ಕದಲ್ಲಿ.