ಕಾಲ್ಚೆಸ್ಟರ್‌ನ ರೈಲು ಟಿಕೆಟ್

ಲಂಡನ್ನಿನಲ್ಲಿ ನಾಲ್ಕು ದಿನ ಎಲ್ಲರೂ ನೋಡುವುದನ್ನೇ ನೋಡಿದೆ. ಐದನೆಯ ದಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಲ್ಲಿ ರೈಲು ಹತ್ತಿ ಒಬ್ಬನೇ ಕಾಲ್ಚೆಸ್ಟರ್‌ಗೆ ಹೊರಟೆ. ಅಲ್ಲಿನ ಎಸೆಕ್ಸ್ ವಿಶ್ವವಿದ್ಯಾಲಯವನ್ನು ನೋಡುವ ಆಸೆ 1997ರಷ್ಟು ಹಳೆಯದು. ಆಗ ಬೆಂಗಳೂರಿನ ನಮ್ಮ ಮನೆಯಲ್ಲಿ ಇಂಟರ್ನೆಟ್ ಕೊಡುತ್ತಿದ್ದ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್‌ನ ಶೆಲ್ ಅಕೌಂಟ್ ಇತ್ತು. ಚಿತ್ರವಿಲ್ಲ, ಬರೀ ಅಕ್ಷರ. ಮನೆಯವರೆಲ್ಲ ಮಲಗಿದ ಮೇಲೆ ಅದರಿಂದ ಟೆಲ್‌ನೆಟ್ ಮಾಡಿ, ಅಂದರೆ ದೂರದ ಕಂಪ್ಯೂಟರಿನ ಸಂಪರ್ಕ ಪಡೆದು, ಹಲವರು ಒಟ್ಟಿಗೆ ಅಕ್ಷರಗಳಲ್ಲೇ ಆಡುವ ಮಡ್ ಎಂಬ ಆಟಕ್ಕಿಳಿಯುತ್ತಿದ್ದೆ. ಅಂಥ ಆಟಗಳಿಗೆಲ್ಲ ಹೆಸರು ಕೊಟ್ಟ ಮೊದಲ ಮಡ್ ಹುಟ್ಟಿದ್ದು ಎಸೆಕ್ಸ್‌ನಲ್ಲಿ, 1978ರಲ್ಲಿ.

ಹೋಗುವವರು ಕಾಲ್ಚೆಸ್ಟರ್‌ನ ದೊಡ್ಡ ನಿಲ್ದಾಣದಲ್ಲಿ ಇಳಿಯಬೇಡಿ. ವಿಶ್ವವಿದ್ಯಾಲಯಕ್ಕೆ ಹತ್ತಿರದ ನಿಲ್ದಾಣ ಹೈಥ್. ಇದು ತಿಳಿಯದೆ ಭಾನುವಾರದ ಮಳೆಯಲ್ಲಿ ಬಸ್ಸಿಗಾಗಿ ಒಂದು ಗಂಟೆ ನೆನೆದೆ.

ವಿಶ್ವವಿದ್ಯಾಲಯ ಇರುವುದು ವೈವೆನ್‌ಹೋ ಪಾರ್ಕಿನಲ್ಲಿ. 1816ರಲ್ಲಿ ಜಾನ್ ಕಾನ್‌ಸ್ಟೆಬಲ್ ಚಿತ್ರ ಬರೆದದ್ದು ಇದೇ ಉದ್ಯಾನವನ್ನು. ಕೆರೆ, ಹುಲ್ಲು, ಹಳೆಯ ಮರಗಳು ಈಗಲೂ ಕಣ್ಣು ತುಂಬುತ್ತವೆ. ಅವುಗಳ ನಡುವೆ ಎದ್ದು ನಿಂತ ಕಾಂಕ್ರೀಟ್ ಗೋಪುರಗಳು ಮಾತ್ರ ನನಗೆ ಸ್ವಲ್ಪವೂ ಹಿಡಿಸಲಿಲ್ಲ.

ರಾಯ್ ಟ್ರಬ್‌ಶಾ ಇಲ್ಲಿ ವಿದ್ಯಾರ್ಥಿಯಾಗಿದ್ದಾಗ ಡೆಕ್ ಕಂಪನಿಯ ಪಿಡಿಪಿ-10 ಎಂಬ ದೊಡ್ಡ ಕಂಪ್ಯೂಟರಿನ ಮೇಲೆ ಮಡ್ ಆಟ ಬರೆಯಲು ಆರಂಭಿಸಿದರು. ಆ ಯಂತ್ರಕ್ಕೆ ಜೋಡಿಸಿದ ಬೇರೆ ಬೇರೆ ಟರ್ಮಿನಲ್‌ಗಳ ಮುಂದೆ ಕುಳಿತವರ ಪ್ರೋಗ್ರಾಂಗಳು ಮೆಮೊರಿಯ ಒಂದೇ ಭಾಗವನ್ನು ಓದುವಂತೆ, ಅದರಲ್ಲಿ ಬರೆಯುವಂತೆ ಮಾಡಿದ್ದೇ ಅದರ ಒಳಗುಟ್ಟು. ಒಬ್ಬನು ಎತ್ತಿಕೊಂಡ ಕತ್ತಿ ಇನ್ನೊಬ್ಬನ ಪಾಲಿಗೆ ಅಲ್ಲಿರುವುದಿಲ್ಲ. 1980ರಲ್ಲಿ ರಿಚರ್ಡ್ ಬಾರ್ಟಲ್ ಅದನ್ನು ಕೈಗೆತ್ತಿಕೊಂಡು ಬೆಳೆಸಿದರು. ಅದೇ ವರ್ಷ ವಿಶ್ವವಿದ್ಯಾಲಯಕ್ಕೆ ಇಂಟರ್ನೆಟ್ಟಿನ ಪೂರ್ವಜನಾದ ಆರ್ಪಾನೆಟ್ ಸಂಪರ್ಕ ಬಂದಿತು, ಹೊರಗಿನವರೂ ಆಡತೊಡಗಿದರು.

ಕೆರೆಯ ದಂಡೆಯ ಬೆಂಚಿನಲ್ಲಿ ಹಿರಿಯರೊಬ್ಬರು ಕುಳಿತಿದ್ದರು. ಹಳೆಯ ಕಂಪ್ಯೂಟರ್ ಕೋಣೆ ಎಲ್ಲಿತ್ತೆಂದು ಕೇಳಿದೆ.

“ಮಡ್‌ಗಾಗಿ ಬಂದಿರಾ?” ಎಂದು ಅವರು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಆ ದಿನಗಳಲ್ಲಿ ಅವರು ಇಲ್ಲಿಯೇ ಓದುತ್ತಿದ್ದರಂತೆ.

“ಹಗಲು ಯಂತ್ರಕ್ಕೆ ಬೇರೆ ಕೆಲಸವಿತ್ತು. ನಮ್ಮ ಸರದಿ ರಾತ್ರಿ. ಒಂದು ದಿನ ಆಟದ ಸ್ಮಶಾನದಲ್ಲಿ ಒಬ್ಬನೇ ನಿಂತಿದ್ದೆ. ಯಾರೋ ಬಂದರೆಂದು ಒಂದು ಸಾಲು ಮೂಡಿತು. ಮೈ ಜುಮ್ಮೆಂದಿತು.”

“ಯಾರೆಂದು ತಿಳಿಯಿತೇ?”

“ಬೆನ್ನ ಹಿಂದಿನ ಟರ್ಮಿನಲ್ಲಿನಲ್ಲಿ ಕೀಲಿಗಳ ಸದ್ದು ನಿಂತ ಮರುಕ್ಷಣ ನನ್ನ ಪರದೆಯಲ್ಲಿ ಅವನ ಮಾತು ಬರುತ್ತಿತ್ತು. ಎರಡು ಗಂಟೆ ಹೊತ್ತು ಜೊತೆಯಾಗಿ ಅಲೆದೆವು.”

“ತಿರುಗಿ ನೋಡಲಿಲ್ಲವೇ?”

“ಇಲ್ಲ. ತಿರುಗಿದ್ದರೆ ಇಬ್ಬರೂ ಬರೀ ಕೋಣೆಗೆ ವಾಪಸಾಗುತ್ತಿದ್ದೆವು.”

ಬೆಂಗಳೂರಿನಲ್ಲಿ ನನ್ನ ಪರದೆಯ ಮೇಲೂ ಅಂಥ ಸಾಲೊಂದು ಮೂಡಿತ್ತು. ಬಂದವನು ಯಾವ ಊರಿನವನೋ ಏನೋ, ದಾರಿ ತಪ್ಪಿದ್ದ ನನ್ನನ್ನು ಬಾಗಿಲವರೆಗೆ ಕರೆದೊಯ್ದಿದ್ದ. ಅದನ್ನು ಹೇಳುವಾಗ ಗಂಟಲು ಕಟ್ಟಿತು. ಹಿರಿಯರು ಮಾತನಾಡದೆ ನನ್ನ ವಾಪಸು ಟಿಕೆಟ್ ಕೇಳಿ ಪಡೆದು, ಅದರ ಬೆನ್ನಿನಲ್ಲಿ ಆ ಲೋಕದ ನಕ್ಷೆ ಬರೆದರು. ನಡುವೆ ಆಟ ಶುರುವಾಗುವ ಕಿರುದಾರಿ. ಪೂರ್ವಕ್ಕೆ ಮಂಜು. ಪಶ್ಚಿಮಕ್ಕೆ ಹುಲ್ಲು ಹೊದಿಸಿದ ಕುಟೀರ, ಅದರ ಎದುರು ಸ್ಮಶಾನ. ಆಮೇಲೆ ಜೌಗು ನೆಲ. ಸಿಕ್ಕ ನಿಧಿಯನ್ನು ಅದರೊಳಗೆ ಎಸೆದರೆ ಅಂಕ ಸಿಗುತ್ತಿತ್ತು.

ಲಿವರ್‌ಪೂಲ್ ಸ್ಟ್ರೀಟಿನಲ್ಲಿ ಹೊರಬರುವಾಗ ಟಿಕೆಟನ್ನು ಗೇಟಿನ ಯಂತ್ರಕ್ಕೆ ಕೊಟ್ಟೆ. ಗೇಟು ತೆರೆಯಿತು, ಟಿಕೆಟ್ ಮರಳಲಿಲ್ಲ. ಪ್ರಯಾಣ ಮುಗಿದ ಟಿಕೆಟನ್ನು ಅದು ನುಂಗಿಬಿಡುತ್ತದೆ. ಇಟ್ಟುಕೊಳ್ಳಬೇಕೆನ್ನುವವರು ಪಕ್ಕದ ಅಗಲ ಗೇಟಿನ ಸಿಬ್ಬಂದಿಗೆ ಮೊದಲೇ ಹೇಳಬೇಕು. ಈ ನೋವು ಇನ್ನೂ ಆರಿಲ್ಲ.

ರಾತ್ರಿ ಕೋಣೆಯಲ್ಲಿ ನೆನಪಿನಿಂದ ಮತ್ತೆ ಬರೆದೆ. ದಾರಿ, ಮಂಜು, ಕುಟೀರ, ಸ್ಮಶಾನ ಬಂದವು. ಜೌಗನ್ನು ಅವರು ಯಾವ ಕಡೆ ಬರೆದಿದ್ದರೆಂದು ನೆನಪಾಗಲಿಲ್ಲ.