ಡಾಕರ್‌ನಲ್ಲಿ ಅರ್ಧ ದಿನ

ಹಡಗು ಇವತ್ತು ಸೆನೆಗಲ್‌ನ ಡಾಕರ್‌ನಲ್ಲಿ ನಿಂತಿದೆ. ಸಂಜೆಯೊಳಗೆ ವಾಪಸ್ ಹತ್ತಬೇಕು, ಹಾಗಾಗಿ ಮಾರ್ಕೆಟ್ ಸುತ್ತೋದು ಬಿಟ್ಟು ಫೆರಿ ಹಿಡಿದು ಗೋರೆ ದ್ವೀಪಕ್ಕೆ ಹೋದೆವು, ಸುಮಾರು 20 ನಿಮಿಷದ ದಾರಿ. ಅಲ್ಲಿ ಕಾರುಗಳೇ ಇಲ್ಲ. ಗೋಡೆ ತುಂಬ ಬೋಗನ್‌ವಿಲ್ಲಾ, ಬಣ್ಣ ಮಾಸಿದ ಹಳೇ ಮನೆಗಳು, ಎಷ್ಟು ಚೆಂದ ಅಂದರೆ ಗುಲಾಮರ ಮನೆಯೊಳಗೆ (ಹಿಡಿದು ತಂದ ಆಫ್ರಿಕನ್ನರನ್ನು ಹಡಗು ಹತ್ತಿಸೋ ಮುಂಚೆ ಕೂಡಿಹಾಕುತ್ತಿದ್ದರು ಅನ್ನೋ ಮನೆ, ಈಗ ಮ್ಯೂಸಿಯಂ) ಕಾಲಿಟ್ಟ ಮೇಲೆ ಆ ಚೆಂದದ ಮೇಲೇ ಸಿಟ್ಟು ಬರುತ್ತದೆ. ಕೆಳಗೆ ಗಾಳಿ ಬೆಳಕಿಲ್ಲದ ಕೋಣೆಗಳು, ಕೊನೆಯಲ್ಲಿ ನೇರ ಸಮುದ್ರಕ್ಕೆ ತೆರೆಯುವ ಬಾಗಿಲು. ಈ ಮನೆಯಿಂದ ನಿಜಕ್ಕೂ ಎಷ್ಟು ಜನರನ್ನು ಸಾಗಿಸಿದರು ಅಂತ ಇತಿಹಾಸಕಾರರು ಇನ್ನೂ ವಾದ ಮಾಡುತ್ತಾರೆ. ಮಾಡಲಿ ಬಿಡಿ. ಆ ಕೋಣೆಗಳ ತಲೆಯ ಮೇಲೇ, ಮಹಡಿಯಲ್ಲಿ, ಮಾಲೀಕರು ಆರಾಮಾಗಿ ಸಂಸಾರ ಮಾಡಿಕೊಂಡಿದ್ದರು ಅನ್ನೋದೇ ನನಗೆ ಜಾಸ್ತಿ ಕಾಡುತ್ತಿದೆ.

ಆಮೇಲೆ ನಾವೂ ಊಟಕ್ಕೆ ಕೂತೆವು ಅನ್ನಿ. ಚೆಬು ಜೆನ್: ಟೊಮೆಟೊದಲ್ಲಿ ಬೆಂದ ನುಚ್ಚಕ್ಕಿ, ಮೇಲೆ ಮೀನು, ದೊಡ್ಡ ತುಂಡು ಕ್ಯಾರೆಟ್, ಕೋಸು. ಇಲ್ಲಿಗೆ ನುಚ್ಚಕ್ಕಿ ನಮ್ಮ ದೇಶದಿಂದಲೂ ಬರುತ್ತೆ, ಗೊತ್ತಿತ್ತಾ ನಿಮಗೆ?